ಆರು ವರ್ಷದ ಹುಡುಗಿ, ಎರಡು ಲೋಟ ನೀರು, ನನ್ನ ಚಾರ್ಟು

ಶಿಕ್ಷಕರ ಅರ್ಹತಾ ಪರೀಕ್ಷೆ (ಟಿಇಟಿ) ಬರೆದವರಿಗೆಲ್ಲ ಪಿಯಾಜೆ ಬಾಯಿಪಾಠ, ಮಕ್ಕಳ ಯೋಚನೆ ವಯಸ್ಸಿನ ಜೊತೆ ಹಂತಹಂತವಾಗಿ ಬೆಳೆಯುತ್ತೆ ಅಂದ ಮನೋವಿಜ್ಞಾನಿ. 0–2 ವರ್ಷ ಸಂವೇದನಾ ಗತಿ, 2–7 ಕಾರ್ಯಪೂರ್ವ, 7–11 ಮೂರ್ತ ಕಾರ್ಯ, ಆಮೇಲೆ ಔಪಚಾರಿಕ ಕಾರ್ಯ. ನಾನೂ ಹಾಗೇ ಉರು ಹೊಡೆದು ಪಾಸಾಗಿ ನಲಿಕಲಿಗೆ, ಅಂದರೆ ಒಂದರಿಂದ ಮೂರನೇ ತರಗತಿಗೆ, ಬಂದವಳು. ಸುತ್ತಲಿನ ಶಾಲೆಗಳ ಶಿಕ್ಷಕರೆಲ್ಲ ಸೇರುವ ಕ್ಲಸ್ಟರ್ ಸಮಾಲೋಚನಾ ಸಭೆ ನಮ್ಮ ಶಾಲೆಯಲ್ಲೇ ಅಂತ ಆದಾಗ ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಸರ್ "ಮೇಡಂ, ವಿಕಾಸದ ಹಂತಗಳ ಮೇಲೆ ಒಂದು ಡೆಮೊ ಕೊಡಿ" ಅಂದರು. ಡೆಮೊ ಅಂದರೆ ಗೊತ್ತಲ್ಲ, ಫೋಟೋ ಮೊದಲು, ಪಾಠ ಆಮೇಲೆ.

ನಾನು ಆರಿಸಿದ್ದು ನೀರಿನ ಪ್ರಯೋಗ. ಒಂದೇ ತರದ ಎರಡು ಲೋಟದಲ್ಲಿ ಸಮ ನೀರು. ಒಂದರದ್ದನ್ನು ಮಗುವಿನ ಕಣ್ಣೆದುರೇ ಉದ್ದನೆಯ ಸಪೂರ ಬಾಟಲಿಗೆ ಸುರಿಯಬೇಕು. ಕಾರ್ಯಪೂರ್ವ ಹಂತದ ಮಗುವಾದರೆ ಬಾಟಲಿ ತೋರಿಸಿ "ಇದ್ರಲ್ಲಿ ಜಾಸ್ತಿ" ಅನ್ನಬೇಕು. ಒಂದನೇ ತರಗತಿಯ ಒಬ್ಬ ಹುಡುಗಿಯನ್ನು ಕರೆದೆ. ಆರು ವರ್ಷ, ಜನರೆದುರು ಹೆದರುವುದಿಲ್ಲ. ಅವಳನ್ನೇ ಕರೆಯಲು ಬೇರೆ ಕಾರಣ ಇರಲಿಲ್ಲ.

ಸುರಿದೆ. "ಯಾವುದರಲ್ಲಿ ಜಾಸ್ತಿ ಇದೆ ಪುಟ್ಟಿ?"

"ಎರಡ್ರಲ್ಲೂ ಅಷ್ಟೇ ಮಿಸ್."

ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಸಿಆರ್‌ಪಿ ಸರ್ ಮೊಬೈಲ್ ಎತ್ತಿ ಹಿಡಿದೇ ಇದ್ದರು. ಗೋಡೆ ಮೇಲೆ ನಾನೇ ರಾತ್ರಿ ಕೂತು ಬರೆದ ಚಾರ್ಟು, 2–7 ಅಂತ ಕೆಂಪು ಸ್ಕೆಚ್ ಪೆನ್ನಲ್ಲಿ ದಪ್ಪಗೆ. ಆ ಗಳಿಗೆಯಲ್ಲಿ ನನಗೆ ಮಗುವಿಗಿಂತ ಚಾರ್ಟೇ ಹೆಚ್ಚಾಯಿತು. "ಸರಿಯಾಗಿ ನೋಡಮ್ಮ, ಯಾವುದರಲ್ಲಿ ಜಾಸ್ತಿ?" ಅಂದೆ. ಅವಳು ನೀರು ನೋಡಲೇ ಇಲ್ಲ. ನನ್ನ ಮುಖ ನೋಡಿದಳು, ಬಾಟಲಿ ನೋಡಿದಳು, ಮತ್ತೆ ನನ್ನ ಮುಖ. ಬೆರಳು ಮೆಲ್ಲಗೆ ಬಾಟಲಿ ಕಡೆ ಹೋಯಿತು. "ನೋಡಿದ್ರಲ್ಲ ಸರ್" ಅಂದೆ. ಚಪ್ಪಾಳೆ. ಫೋಟೋ ಗ್ರೂಪಿಗೆ ಹೋಯಿತು.

ಬಿಸಿಯೂಟದ ಸಾಲಲ್ಲಿ ಅವಳೇ ಕೇಳಿದಳು, "ಮಿಸ್, ನೀವು ಬೇರೆ ನೀರು ಹಾಕೇ ಇಲ್ವಲ್ಲ, ಹೆಂಗೆ ಜಾಸ್ತಿ ಆಯ್ತು?" ಅವರ ಮನೆಯಲ್ಲಿ ಹಸುಗಳಿವೆ. ಅಜ್ಜಿ ವರ್ತನೆ ಹಾಲು ಅಳೆದು ಹಾಕುವಾಗ ಇವಳು ಪಕ್ಕದಲ್ಲೇ ಇರುತ್ತಾಳೆ. ಒಬ್ಬರು ಚೊಂಬು ತರುತ್ತಾರೆ, ಇನ್ನೊಬ್ಬರು ಅಗಲದ ಪಾತ್ರೆ, ಮತ್ತೊಬ್ಬರು ಬಾಟಲಿ. ಪಾತ್ರೆ ನೋಡಿ "ಇವತ್ತು ಕಮ್ಮಿ ಹಾಕಿದ್ರಿ" ಅಂತ ಜಗಳ ತೆಗೆಯುವವರು ದೊಡ್ಡವರೇ! ಅರ್ಧ ಲೀಟರ್ ಎಲ್ಲಿಗೆ ಸುರಿದರೂ ಅರ್ಧ ಲೀಟರೇ ಅಂತ ಅವಳಿಗೆ ನಾನು ಹೇಳಿಕೊಡಬೇಕಿರಲಿಲ್ಲ.

ಆಮೇಲೆ ಓದಿದಾಗ ಇನ್ನೂ ಉರಿಯಿತು. 1969ರಲ್ಲೇ ಪ್ರೈಸ್-ವಿಲಿಯಮ್ಸ್ ಅನ್ನುವ ಸಂಶೋಧಕರು ಮತ್ತು ಜೊತೆಯವರು ಮೆಕ್ಸಿಕೋದ ಕುಂಬಾರರ ಮಕ್ಕಳಲ್ಲಿ ಇದನ್ನು ಕಂಡಿದ್ದರು. ಆಕಾರ ಬದಲಾದರೂ ಮಣ್ಣು ಅಷ್ಟೇ ಅನ್ನುವುದು ಆ ಮಕ್ಕಳಿಗೆ ಬೇರೆಯವರಿಗಿಂತ ಚೆನ್ನಾಗಿ ಗೊತ್ತಿತ್ತು. ಇನ್ನು 1974ರಲ್ಲಿ ರೋಸ್ ಮತ್ತು ಬ್ಲ್ಯಾಂಕ್, ಬಿಲ್ಲೆಗಳ ಸಾಲಿನ ಉದ್ದ ಬದಲಿಸುವ ಮೊದಲೊಮ್ಮೆ ಆಮೇಲೊಮ್ಮೆ ಅಂತ ಕೇಳುವುದನ್ನು ಬಿಟ್ಟು ಕೊನೆಗೆ ಒಂದೇ ಸಲ ಕೇಳಿ ನೋಡಿದರು. ಮಕ್ಕಳ ತಪ್ಪು ಕಮ್ಮಿಯಾಯಿತು. ಮೇಷ್ಟ್ರು ಎರಡನೇ ಸಲ ಕೇಳಿದರೆ ಮೊದಲಿನ ಉತ್ತರ ತಪ್ಪು ಅಂತ ನಮ್ಮ ಮಕ್ಕಳಿಗೆ ಶಾಲೆಗೆ ಸೇರಿದ ವಾರದಲ್ಲೇ ಗೊತ್ತಾಗಿಬಿಡುತ್ತೆ, ಅಲ್ವಾ?

ಹಾಗಂತ ಪಿಯಾಜೆಯನ್ನು ಮೂಲೆಗೆ ಹಾಕಿ ಅಂತಲ್ಲ. ಅದೇ ತರಗತಿಯಲ್ಲಿ, ಹುಣಸೆ ಬೀಜದ ಸಾಲನ್ನು ಸ್ವಲ್ಪ ಅಗಲಿಸಿದರೆ ಸಾಕು "ಜಾಸ್ತಿ ಆಯ್ತು" ಅನ್ನುವ ಮಕ್ಕಳೂ ಇದ್ದಾರೆ, ಒಂದೇ ಸಲ ಕೇಳಿದರೂ. ಹಂತ ಸುಳ್ಳಲ್ಲ, ವಯಸ್ಸಿನ ಗೆರೆ ಅಷ್ಟು ಗಟ್ಟಿಯಲ್ಲ. ನಿಜ ಹೇಳಬೇಕೆಂದರೆ ಪಿಯಾಜೆ ಮಕ್ಕಳ ತಪ್ಪು ಉತ್ತರದ ಹಿಂದಿನ ಯೋಚನೆ ಕೆದಕುತ್ತಾ ಕೂತವರು. ನಮ್ಮ ತರಬೇತಿಗಳಲ್ಲಿ ಅದು ಹೋಗಿ ಕೋಷ್ಟಕ ಮಾತ್ರ ಉಳಿದಿದೆ. ಈಗ ನಾನು ಒಂದೇ ಸಲ ಕೇಳುತ್ತೇನೆ, ಆಮೇಲೆ "ಹೆಂಗೆ ಗೊತ್ತಾಯ್ತು?" ಅಂತೀನಿ. ಅದನ್ನು ಸರಿ ಉತ್ತರಕ್ಕೂ ಕೇಳಬೇಕು. ತಪ್ಪಾದಾಗ ಮಾತ್ರ ಕೇಳಿದರೆ ಅದನ್ನೂ ಹಿಡಿದುಬಿಡುತ್ತಾರೆ ಕಳ್ಳರು.

ಮುಂದಿನ ಸಭೆಗೆ ಕೊಹ್ಲ್‌ಬರ್ಗ್ ಮಾಡಿ ಅಂತ ಬಂದಿದೆ. ಸರಿ-ತಪ್ಪಿನ ಯೋಚನೆ ಹೇಗೆ ಬೆಳೆಯುತ್ತೆ ಅಂತ ನೋಡಿದ ಮನೋವಿಜ್ಞಾನಿ ಅವರು; ಅವರದ್ದು ಹೆಂಡತಿಗಾಗಿ ಗಂಡ ಔಷಧಿ ಕದಿಯುವ ಕಥೆ. "ಸರ್, ಅವರು ಶುರು ಮಾಡಿದ್ದೇ 10ರಿಂದ 16 ವರ್ಷದ ಹುಡುಗರ ಜೊತೆ, ನನ್ನದು ಒಂದರಿಂದ ಮೂರನೇ ತರಗತಿ" ಅಂದೆ. "ಪರವಾಗಿಲ್ಲ ಮೇಡಂ, ಹೈಸ್ಕೂಲಿಂದ ನಾಲ್ಕು ಹುಡುಗರನ್ನ ಕರೆಸೋಣ, ಚಾರ್ಟ್ ಮಾತ್ರ ನೀವೇ ಬರೆದುಬಿಡಿ" ಅಂದರು.