ಬದಲಾಗುವ ಬಲ ಮಾಡಿದ ಕೆಲಸ: ಲೆಕ್ಕ ತಪ್ಪುವುದು ಅನುಕಲನದಲ್ಲಲ್ಲ

ಬಲ ಸ್ಥಿರವಾಗಿದ್ದು, ವಸ್ತು ಅದರ ದಿಕ್ಕಿನಲ್ಲೇ ಸರಿದರೆ ಬಲವನ್ನು ದೂರದಿಂದ ಗುಣಿಸಿದರೆ ಕೆಲಸ ಸಿಕ್ಕಿತು. ಬಲ ದಾರಿಯುದ್ದಕ್ಕೂ ಬದಲಾಗುತ್ತಿದ್ದರೆ ಗುಣಿಸಲು ಒಂದೇ ಬೆಲೆ ಸಿಗುವುದಿಲ್ಲ. ಆಗ ದಾರಿಯನ್ನು ತೀರಾ ಸಣ್ಣ ತುಣುಕುಗಳಾಗಿ ಮಾಡಿ, ಒಂದೊಂದರಲ್ಲೂ ಬಲ ಸ್ಥಿರವೆಂದು ಹಿಡಿದು, ಎಲ್ಲವನ್ನೂ ಕೂಡಿಸುತ್ತೇವೆ. ಅನುಕಲನ ಅಂದರೆ ಈ ಕೂಡಿಕೆಯೇ. ಬಲ–ದೂರದ ಗ್ರಾಫ್ ಬರೆದರೆ ರೇಖೆಯ ಕೆಳಗಿನ ವಿಸ್ತೀರ್ಣ.

ಸ್ಪ್ರಿಂಗ್ ನೋಡಿ. ಅದರ ಬಲಸ್ಥಿರಾಂಕ ಮೀಟರಿಗೆ 200 ನ್ಯೂಟನ್ ಇರಲಿ. ಎಳೆಯಲು ಬೇಕಾದ ಬಲ = 200 × ಎಳೆತ. ಅನುಕಲಿಸಿದರೆ 100 × ಎಳೆತದ ವರ್ಗ. ಸೊನ್ನೆಯಿಂದ 0.1 ಮೀಟರ್‌ವರೆಗೆ ಎಳೆದರೆ 1 ಜೌಲ್. ಕೊನೆಯ ಬಲ 20 ನ್ಯೂಟನ್ ತಾನೇ ಎಂದು 20 × 0.1 ಮಾಡಿದರೆ 2 ಜೌಲ್ ಬರುತ್ತದೆ, ಸರಿಯುತ್ತರದ ಎರಡರಷ್ಟು. ತ್ರಿಭುಜದ ಬದಲು ಇಡೀ ಆಯತದ ವಿಸ್ತೀರ್ಣ ತೆಗೆದಂತಾಯಿತು.

ಇನ್ನೂ ಹೆಚ್ಚು ಜನ ಎಡವುವುದು ಮುಂದಿನ 0.1 ಮೀಟರಿನಲ್ಲಿ. 0.1ರಿಂದ 0.2ರವರೆಗೆ ಎಳೆಯಲು 100 × (0.04 − 0.01), ಅಂದರೆ 3 ಜೌಲ್ ಬೇಕು. ವ್ಯತ್ಯಾಸ ತೆಗೆದು ವರ್ಗ ಮಾಡಿದರೆ ಮತ್ತೆ 1 ಜೌಲೇ ಬಂದು ಕೂರುತ್ತದೆ. ವರ್ಗ ಮೊದಲು, ಕಳೆಯುವುದು ಆಮೇಲೆ. ಎಳೆತವನ್ನು ಅಳೆಯಬೇಕಾದದ್ದೂ ಸ್ಪ್ರಿಂಗಿನ ಸಹಜ ಉದ್ದದಿಂದಲೇ, ನೀವು ಎಳೆಯಲು ಶುರುಮಾಡಿದ ಜಾಗದಿಂದಲ್ಲ.

ಚಿಹ್ನೆಯ ಗೊಂದಲಕ್ಕೆ ಒಂದೇ ಪ್ರಶ್ನೆ ಸಾಕು: ಯಾರ ಬಲ? ಎಳೆಯುವ ಕೈ ಮಾಡಿದ ಕೆಲಸ +3 ಜೌಲ್, ಅದೇ ಹೊತ್ತಿನಲ್ಲಿ ಸ್ಪ್ರಿಂಗ್ ಮಾಡಿದ್ದು −3 ಜೌಲ್. ಪ್ರಶ್ನೆಪತ್ರಿಕೆಯಲ್ಲಿ ಇದನ್ನು ಸ್ಪಷ್ಟವಾಗಿ ಹೇಳದೇ ಇರುವುದೂ ಉಂಟು. ಉತ್ತರದಲ್ಲಿ ನೀವೇ ಬರೆದುಬಿಡಿ.

ಬಲವನ್ನು ದೂರದ ಬದಲು ಕಾಲದ ಮೇಲೆ ಕೊಟ್ಟಾಗಿನ ಅಪಾಯ ಬೇರೆ ಥರದ್ದು. 2 ಕಿಲೋಗ್ರಾಂ ವಸ್ತು ನಿಶ್ಚಲವಾಗಿದೆ, ಅದರ ಮೇಲಿನ ಒಟ್ಟು ಬಲ 6 × ಕಾಲ (ನ್ಯೂಟನ್, ಸೆಕೆಂಡುಗಳಲ್ಲಿ). ಮೊದಲ 2 ಸೆಕೆಂಡಿನ ಕೆಲಸ ಎಷ್ಟು? ಬಲವನ್ನೇ ಕಾಲದ ಮೇಲೆ ಅನುಕಲಿಸಿದರೆ 12 ಬರುತ್ತದೆ, ಆದರೆ ಅದು ನ್ಯೂಟನ್-ಸೆಕೆಂಡ್: ಸಂವೇಗದಲ್ಲಾದ ಬದಲಾವಣೆ, ಕೆಲಸವಲ್ಲ. ಸಣ್ಣ ತುಣುಕು ದೂರ ಅಂದರೆ ವೇಗ × ಸಣ್ಣ ತುಣುಕು ಕಾಲ, ಹಾಗಾಗಿ ಕಾಲದ ಮೇಲೆ ಅನುಕಲಿಸಬೇಕಾದದ್ದು ಬಲ × ವೇಗ. ವೇಗೋತ್ಕರ್ಷ 3 × ಕಾಲ, ಹಾಗಾಗಿ ವೇಗ 1.5 × ಕಾಲದ ವರ್ಗ. ಗುಣಲಬ್ಧ 9 × ಕಾಲದ ಘನ. ಸೊನ್ನೆಯಿಂದ 2ರವರೆಗೆ ಅನುಕಲಿಸಿದರೆ 36 ಜೌಲ್. ತಾಳೆ ನೋಡುವುದೂ ಸುಲಭ: ಕೊನೆಯ ವೇಗ ಸೆಕೆಂಡಿಗೆ 6 ಮೀಟರ್, ಚಲನಶಕ್ತಿ ½ × 2 × 36, ಅದೂ 36.

ಸೂತ್ರವೇ ಇಲ್ಲದೆ ಅಳತೆಗಳಷ್ಟೇ ಇದ್ದರೆ? ಎಳೆದಷ್ಟೂ ಬಿಗಿಯಾಗುವ ಒಂದು ಸ್ಪ್ರಿಂಗಿಗೆ 0, 5, 10, 15, 20 ಸೆಂಟಿಮೀಟರಿನಲ್ಲಿ ಬಲ 0, 11, 24, 40, 59 ನ್ಯೂಟನ್ ಎಂದುಕೊಳ್ಳಿ. ತ್ರಾಪಿಜ್ಯ ನಿಯಮದಲ್ಲಿ ಮೊದಲ ಮತ್ತು ಕೊನೆಯ ಬಲಗಳನ್ನು ಅರ್ಧ ಮಾಡಿ, ನಡುವಿನವನ್ನು ಪೂರ್ತಿ ಕೂಡಿಸಿದರೆ 104.5; ಅದನ್ನು 0.05 ಮೀಟರಿನಿಂದ ಗುಣಿಸಿದರೆ ಸುಮಾರು 5.23 ಜೌಲ್. ಬಿಂದುಗಳನ್ನು ನೇರಗೆರೆಯ ಬದಲು ಬಾಗಿದ ರೇಖೆಯಿಂದ (ಪರವಲಯದಿಂದ) ಜೋಡಿಸುವ ಸಿಂಪ್ಸನ್ ನಿಯಮದಲ್ಲಿ 5.18. ರೇಖೆ ಮೇಲ್ಮುಖವಾಗಿ ಬಾಗಿದೆ, ಬಿಂದುಗಳನ್ನು ಜೋಡಿಸುವ ನೇರಗೆರೆ ಅದಕ್ಕಿಂತ ಮೇಲೆ ಹೋಗುತ್ತದೆ, ಹಾಗಾಗಿಯೇ ತ್ರಾಪಿಜ್ಯದ ಉತ್ತರ ತುಸು ಜಾಸ್ತಿ. ಸಿಂಪ್ಸನ್ ನಿಯಮಕ್ಕೆ ಭಾಗಗಳ ಸಂಖ್ಯೆ ಸಮಸಂಖ್ಯೆಯಾಗಿರಬೇಕು, ಇಲ್ಲಿ ನಾಲ್ಕಿವೆ. ಉತ್ತರ 500ರ ಆಸುಪಾಸು ಬಂದರೆ ಸೆಂಟಿಮೀಟರನ್ನು ಮೀಟರಿಗೆ ಬದಲಿಸಿಲ್ಲ ಎಂದೇ ಅರ್ಥ.