ರಜಾ ಪ್ಲಾನ್ ಮಾಡೋದೇ ಕೆಲಸ, ಈ ಸಲ ಮನೆಯ ಟ್ರಿಪ್ ಮಾತ್ರ ಅಣ್ಣನ ಮಗಳಿಗೆ ಬಿಟ್ಟೆ

ನಾನಿರೋದು ಟೂರ್ ಆಪರೇಷನ್ಸ್‌ನಲ್ಲಿ, ಬೇರೆಯವರ ರಜಾ ಜೋಡಿಸಿ ಕೊಡೋದೇ ಹೊಟ್ಟೆಪಾಡು. ರೈಲು ಟಿಕೆಟ್ ಮೊದಲು 120 ದಿನ ಮುಂಚೆ ಸಿಗ್ತಿತ್ತು, 2024ರ ನವೆಂಬರ್‌ನಿಂದ 60 ದಿನ ಆಗಿದೆ, ಹಾಗಾಗಿ ಸೀಸನ್ ಬಂದ್ರೆ ತಲೇಲಿ ಬರೀ ತಾರೀಖುಗಳೇ. ಮನೆಯವರ ಜೊತೆ ಹೊರಟ್ರೂ ಎಲ್ರೂ ನನ್ನ ಮುಖಾನೇ ನೋಡೋರು.

ಈ ಸಲ ಬಾದಾಮಿ ಟ್ರಿಪ್ ಪೂರ್ತಿ ಅಣ್ಣನ ಮಗಳಿಗೇ ಬಿಟ್ಟೆ. ಅಮ್ಮನಿಗೆ ಮಂಡಿನೋವು, ಮೆಟ್ಟಿಲು ಜಾಸ್ತಿ ಬೇಡ, ಖರ್ಚು ಇಷ್ಟು ದಾಟಬಾರ್ದು ಅಂತ ಹೇಳಿದ್ದಷ್ಟೇ, ಆಮೇಲೆ ಯಾವ ಹೋಟೆಲ್ ಯಾವ ಗಾಡಿ ಅಂತ ಬಾಯಿ ಬಿಡಲಿಲ್ಲ. ಗೋಲ್‌ಗುಂಬಜ್ ಎಕ್ಸ್‌ಪ್ರೆಸ್ ಹತ್ತಿ ಆರಾಮಾಗಿ ನಿದ್ದೆ ಮಾಡ್ದೆ.

ನಮ್ಮ ಲೈನ್‌ನಲ್ಲಿ ಬಾದಾಮಿ, ಪಟ್ಟದಕಲ್ಲು, ಐಹೊಳೆ ಮೂರನ್ನೂ ಒಂದೇ ದಿನಕ್ಕೆ ಹಾಕ್ತೀವಿ, ದೂರ ಕಮ್ಮಿ ಇರೋದ್ರಿಂದ ಆಗೇ ಆಗುತ್ತೆ. ಅವಳು ಐಹೊಳೇನೇ ಬಿಟ್ಟು ಒಂದಿಡೀ ದಿನ ಬಾದಾಮಿಗೇ ಇಟ್ಟಿದ್ಲು. ಬೆಳಿಗ್ಗೆ ಬಿಸಿಲು ಏರೋ ಮುಂಚೆ ಗುಹೆಗಳು, ಅಮ್ಮ ಮೊದಲನೇ ಗುಹೆ ಹತ್ರಾನೇ ಕೂತ್ರು, ನಾವು 578ರ ಶಾಸನ ಇರೋ ಮೂರನೇ ಗುಹೆಗೆ ಹತ್ತಿ ಬಂದ್ವಿ. ಮಧ್ಯಾಹ್ನ ಏನೂ ಇಲ್ಲ, ಮಲಗೋದು ಅಷ್ಟೇ. ಸಂಜೆ ಅಗಸ್ತ್ಯ ತೀರ್ಥದ ದಂಡೆ ಹಿಡಿದು ನಿಧಾನಕ್ಕೆ ಭೂತನಾಥ ಗುಡಿವರೆಗೂ ಅಮ್ಮನೂ ನಡೆದ್ರು. ಮಾರನೇ ದಿನ ತಟ್ಟುಕೋಟಿ ಕಡೆ ಹೋಗಿ ಕಪ್ಪೆ ಅರಭಟ್ಟನ ಶಾಸನ, ಕನ್ನಡದ ಹಳೇ ತ್ರಿಪದಿ ಬಂಡೆ ಮೇಲೇ ಇದೆ! ಎಷ್ಟೋ ಗ್ರೂಪ್ ಕಳಿಸಿದ್ದೀನಿ, ಯಾರ ಪ್ರೋಗ್ರಾಮ್‌ನಲ್ಲೂ ಅದಕ್ಕೆ ಟೈಮೇ ಇರಲ್ಲ. ತುಂಬಾ ಖುಷಿಯಾಯ್ತು, ಅವಳ ಮೇಲೆ ಹೆಮ್ಮೆನೂ ಬಂತು.

ಕೆಲಸಕ್ಕೆ ಹಿಡಿದುಕೊಂಡಿದ್ದು ಇದನ್ನೇ, ಬಿಟ್ಟುಕೊಟ್ರೆ ಪೂರ್ತಿ ಬಿಟ್ಟುಕೊಡ್ಬೇಕು. ಜೂನಿಯರ್‌ಗೆ "ಡ್ರಾಫ್ಟ್ ಮಾಡಿ ತೋರ್ಸು" ಅಂದ್ರೆ ಆ ಹುಡುಗ ಯಾತ್ರಿಕರನ್ನ ನೆನೆಸ್ಕೊಂಡು ಪ್ಲಾನ್ ಮಾಡಲ್ಲ, ನಾವು ಏನಂತೀವೋ ಅಂತ ಮಾಡ್ತಾನೆ, ಕೆಲಸ ಕೊಟ್ಟಂಗೆ ಕಾಣುತ್ತೆ, ತೀರ್ಮಾನ ನಮ್ಮ ಹತ್ರಾನೇ ಉಳಿದಿರುತ್ತೆ. ಈಗ ಶುರುಲೇ ಏನು ಆಗಬಾರ್ದು ಅನ್ನೋದನ್ನ ಮಾತ್ರ ಬರೆದು ಕೊಡ್ತೀನಿ, ಕತ್ತಲಾದ್ಮೇಲೆ ಊರು ಸೇರೋದು ಬೇಡ, ಮಾತ್ರೆ ತಗೊಳ್ಳೋರಿಗೆ ಊಟ ತಡ ಆಗಬಾರ್ದು, ಬಜೆಟ್ ಇಷ್ಟು. ಕಷ್ಟ ಇರೋದು ಆಮೇಲೆ, ಡ್ರೈವರು ಹೋಟೆಲ್‌ನವರು ಅಭ್ಯಾಸಬಲದಿಂದ ನನಗೇ ಫೋನ್ ಮಾಡ್ತಾರೆ, ಅಲ್ಲಿ ಉತ್ತರ ಕೊಟ್ಟುಬಿಟ್ರೆ ಆ ಹುಡುಗನ ಮಾತಿಗೆ ಬೆಲೆನೇ ಇರಲ್ಲ. ಹಾಗಾಗಿ ಅವನ ನಂಬರ್ ಕೊಟ್ಟು ಫೋನ್ ಇಡ್ತೀನಿ.

ಡಿಸೆಂಬರ್‌ನ ಹಿರಿಯರ ಗ್ರೂಪ್ ಈಗ ಅವನದ್ದು. ಬಾದಾಮಿ ಪಕ್ಕದ ಬನಶಂಕರಿ ಗುಡಿ ಹತ್ರ ಬುಟ್ಟಿ ಹೊತ್ತು ಬರೋ ಅಕ್ಕಂದಿರ ಕೈಯಿಂದ ಜೋಳದ ರೊಟ್ಟಿ, ಕಾಳು ಪಲ್ಯ, ಗಡಿಗೆ ಮೊಸರು ತಿನ್ನೋಕೆ ಅಂತಾನೇ ಎರಡು ಗಂಟೆ ಇಟ್ಟಿದ್ದಾನೆ. ನಾನಾಗಿದ್ರೆ ಅಷ್ಟು ಹೊತ್ತು ಇಡ್ತಿರಲಿಲ್ಲ, ಆದ್ರೆ ಜೊತೆಗೆ ಹೋಗೋನು ಅವನು, ಬುಕ್ಕಿಂಗೂ ಅವನ ಹೆಸರಲ್ಲೇ ಕನ್ಫರ್ಮ್ ಆಗಿದೆ.