ಅಜ್ಜಿಯ ಬದಲು ಮಗ ಸಹಿ ಹಾಕಬಹುದೇ?

ಉತ್ತರ ಇಟಲಿಯ ಆಸ್ಪತ್ರೆಯೊಂದರ ಆರ್ಥೋ ವಾರ್ಡಿನಲ್ಲಿ ನರ್ಸ್ ಆಗಿರುವ ನನಗೆ ಆ ಬೆಳಗಿನ ಶಿಫ್ಟ್ ನೆನಪಾದರೆ ಈಗಲೂ ಮುಜುಗರವಾಗುತ್ತದೆ. ತೊಡೆಯ ಮೂಳೆ ಮುರಿದುಕೊಂಡಿದ್ದ ಅಜ್ಜಿಯೊಬ್ಬರನ್ನು ಆಪರೇಷನ್ ಥಿಯೇಟರಿಗೆ ಕಳಿಸಬೇಕಿತ್ತು, ಆದರೆ ಫೈಲಿನಲ್ಲಿದ್ದ ‘ಕೊನ್ಸೆನ್ಸೊ ಇನ್ಫೊರ್ಮಾತೊ’ಗೆ, ಅಂದರೆ ವಿವರ ತಿಳಿದು ಕೊಡುವ ಒಪ್ಪಿಗೆಯ ಫಾರಂಗೆ, ಸಹಿಯಾಗಿರಲಿಲ್ಲ. ಅಮ್ಮನಿಗೆ ಏನೂ ಹೇಳಬೇಡಿ ಎನ್ನುತ್ತ ಅವರ ಮಗ ಪೆನ್ನು ತೆಗೆದು, “ಫಿರ್ಮೊ ಈಯೊ”, ನಾನೇ ಸಹಿ ಹಾಕುತ್ತೇನೆ ಎಂದರು.

ನಮ್ಮ ಊರಿನ ಕಡೆ ಮನೆಯವರು ಸಹಿ ಹಾಕಿದರೆ ಯಾರೂ ಹುಬ್ಬೇರಿಸುವುದಿಲ್ಲ. ಇಲ್ಲಿ 2017ರ 219ನೇ ಕಾನೂನಿನ ಪ್ರಕಾರ, ಸ್ವಂತ ನಿರ್ಧಾರ ತೆಗೆದುಕೊಳ್ಳಬಲ್ಲ ವಯಸ್ಕರ ಒಪ್ಪಿಗೆಯಿಲ್ಲದೆ, ಕಾನೂನೇ ಹೇಳಿರುವ ಸಂದರ್ಭಗಳ ಹೊರತು, ಚಿಕಿತ್ಸೆಯನ್ನು ಆರಂಭಿಸುವಂತಿಲ್ಲ. ಅದನ್ನು ಓದಿಕೊಂಡಿದ್ದ ಹುರುಪಿನಲ್ಲಿ ನಾನು “ಲೇಯಿ ನೋನ್ ಪುವೋ ಫಿರ್ಮಾರೆ”, ತಾವು ಸಹಿ ಹಾಕುವಂತಿಲ್ಲ ಎಂದುಬಿಟ್ಟೆ. ಅವರು ದನಿಯೇರಿಸಿದರು, ಥಿಯೇಟರಿನಿಂದ ಫೋನ್ ಬರುತ್ತಲೇ ಇತ್ತು, ಬಾಗಿಲಲ್ಲಿ ಸ್ಟ್ರೆಚರ್ ಹಿಡಿದು ನಿಂತವನು ಗಡಿಯಾರ ನೋಡುತ್ತಿದ್ದ. ಈ ಜಗಳದ ನಡುವೆ ಅಜ್ಜಿ ಕಿವಿಯ ಯಂತ್ರವನ್ನು ಸರಿಪಡಿಸಿಕೊಳ್ಳುತ್ತಿದ್ದುದನ್ನು ನಾನು ನೋಡಿದೆನೇ ಹೊರತು ಅವರನ್ನು ಒಂದು ಮಾತೂ ಕೇಳಲಿಲ್ಲ.

ಸರ್ಜನ್ ಬಂದವರೇ ನಮ್ಮಿಬ್ಬರನ್ನೂ ಬದಿಗಿಟ್ಟು, ಮಂಚದ ಪಕ್ಕ ಕುಳಿತು, “ಸಿನ್ಯೋರಾ, ವುವೋಲೆ ಸಪೇರೆ ಲೇಯಿ, ಓ ಪ್ರೆಫೆರಿಶ್ಶೆ ಕೆ ನೆ ಪಾರ್ಲಿಯಾಮೊ ಕೊನ್ ಸುವೊ ಫಿಲ್ಯೊ?” ಎಂದು ಕೇಳಿದರು. ವಿವರ ನಿಮಗೇ ಬೇಕೇ, ಮಗನೊಂದಿಗೆ ಮಾತಾಡಿದರೆ ಸಾಕೇ ಎಂಬ ಪ್ರಶ್ನೆ ಅದು. ಅಜ್ಜಿ ತಡಮಾಡದೆ “ದೆಚೀದಾ ಲುಯಿ”, ಅವನೇ ನಿರ್ಧರಿಸಲಿ ಎಂದರು. ಮಾಹಿತಿ ಬೇಡವೆನ್ನುವ ಹಕ್ಕೂ, ತಮ್ಮ ಪರವಾಗಿ ಅದನ್ನು ಕೇಳಿ ಒಪ್ಪಿಗೆ ಕೊಡಲು ಒಬ್ಬರನ್ನು ಸೂಚಿಸುವ ಹಕ್ಕೂ ಅದೇ ಕಾನೂನಿನಲ್ಲಿದೆ. ಹಾಗೆ ಸೂಚಿಸಿದ್ದನ್ನು ‘ಕಾರ್ತೆಲ್ಲಾ ಕ್ಲೀನಿಕಾ’ದಲ್ಲಿ, ಅಂದರೆ ರೋಗಿಯ ಚಿಕಿತ್ಸಾ ಕಡತದಲ್ಲಿ, ದಾಖಲಿಸಬೇಕು. ಕೊನೆಗೆ ಸಹಿ ಹಾಕಿದ್ದು ಮಗನೇ, ಆದರೆ ತಾಯಿಯ ಮಾತಿನ ಬಲದಿಂದ. ಅಜ್ಜಿ ‘ಮಗನಲ್ಲ, ನಾನೇ’ ಎಂದಿದ್ದರೆ ಮಗ ಎಷ್ಟೇ ಕೂಗಾಡಿದರೂ ಕಾಗದ ಅವರ ಕೈಗೆ ಹೋಗುತ್ತಿರಲಿಲ್ಲ.

ಈಗ ಮನೆಯವರು ಪೆನ್ನು ತೆಗೆದರೆ ನಾನು ವಾದಕ್ಕಿಳಿಯದೆ, “ಪ್ರೀಮಾ ಕಿಯೆದಿಯಾಮೊ ಆಲ್ಲಾ ಸಿನ್ಯೋರಾ”, ಮೊದಲು ಅವರನ್ನೇ ಕೇಳೋಣ ಎಂದು ಹೇಳಿ ಡಾಕ್ಟರನ್ನು ಕರೆಯುತ್ತೇನೆ. ಆದರೆ ಪುಟಪುಟಕ್ಕೂ ಸಹಿ ಕೇಳುವ ನಮ್ಮ ಫಾರಂನಲ್ಲಿ, ರೋಗಿ ಬೇರೆಯವರನ್ನು ಸೂಚಿಸಿದ್ದಾರೆಂದು ಬರೆಯಲು ಒಂದು ಗೆರೆಯೂ ಇರಲಿಲ್ಲ. ಅಂದು ಅದನ್ನು ಅಂಚಿನಲ್ಲಿ ಕೈಬರಹದಲ್ಲಿ ತುರುಕಬೇಕಾಯಿತು. ಒಂದು ಚೌಕ ಸೇರಿಸಿ ಎಂದು ಕೋಆರ್ಡಿನೇಟರ್ ಮೂಲಕ ಕೇಳಿಕೊಂಡಿದ್ದಕ್ಕೆ ಆಡಳಿತದವರು ಹೊಸ ಫಾರಂ ಕಳಿಸಿದ್ದಾರೆ: ಲಾಂಛನ ಬಣ್ಣದ್ದಾಗಿದೆ, ಚೌಕ ಮಾತ್ರ ಬಂದಿಲ್ಲ.